ನಲವತ್ತೆರಡು ಪಾಯಿಂಟ್ ಎಂಟು

ಯಲಹಂಕ
18-11-1963

ಪ್ರೀತಿಯ ಸಬೀರಾ,

ನಿನ್ನ ಕಾಗದ ಕೈಸೇರಿ ಮೂರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಬೇಸರ ಪಡಬೇಡ. ಕೆಲಸ ಕಾಯಂ ಆಯಿತೆಂದು ಬರೆದಿದ್ದೀಯ. ನಿಮ್ಮ ಅಮ್ಮಿಗೆ ಸಮಾಧಾನವಾಗಿರಬೇಕು.

ಇಲ್ಲಿ ನಮ್ಮಮ್ಮ ಬಾವಿಯ ಹತ್ತಿರ ಸಿಕ್ಕವರಿಗೆಲ್ಲ ಹೇಳುತ್ತಾಳೆ: "ನಮ್ ಉಡ್ಗಿ ಸೊನ್ನೆಗೋಸ್ಕರ ಕೆಲ್ಸ ಕಳ್ಕೊಂಡ್ಲು ಕಣವ್ವ. ಸೊನ್ನೆ ಅಂದ್ರೆ ಏನೂ ಇಲ್ಲ ತಾನೆ? ಇಲ್ದೇ ಇರೋದಕ್ಕೆ ಜಗಳ ಯಾಕೆ?"

ಯಶವಂತಪುರದ ಆಫೀಸಿನಲ್ಲಿ ನಾವಿಬ್ಬರೂ ಮಾಡಿದ ಆ ಶೆಡ್ಡಿನ ಚಾವಣಿಯ ಲೆಕ್ಕ ಇನ್ನೂ ತಲೆಯಿಂದ ಹೋಗಿಲ್ಲ. ಮೂರರ ವರ್ಗಮೂಲ, ಎರಡರ ವರ್ಗಮೂಲ; ಅವುಗಳ ಮೊತ್ತವನ್ನು ವ್ಯತ್ಯಾಸದಿಂದ ಗುಣಿಸಿ, ಒಂದನ್ನು ಕಳೆಯಬೇಕಿತ್ತು. ಮೂಲಚಿಹ್ನೆ ಹಾಗೆಯೇ ಇಟ್ಟು ಬಿಡಿಸಿದರೆ ಮೂರರಲ್ಲಿ ಎರಡು ಹೋಗಿ ಒಂದು. ಒಂದರಲ್ಲಿ ಒಂದು ಹೋಗಿ ಸೊನ್ನೆ. ಆದರೆ ಆಫೀಸಿನಲ್ಲಿ ಮೊದಲು ದಶಾಂಶ, ಆಮೇಲೆ ಮಿಕ್ಕದ್ದು. 1.732, 1.414 ಎಂದು ಮೊಟಕು ಮಾಡಿ ಲೆಕ್ಕದ ಯಂತ್ರದ ಹಿಡಿ ತಿರುಗಿಸಿದೆವು. 0.000428 ಉಳಿಯಿತು. ಅದನ್ನು ಲಕ್ಷ ಕಿಲೋ ಭಾರದಿಂದ ಗುಣಿಸಿದಾಗ 42.8 ಕಿಲೋ ಪಕ್ಕದ ಎಳೆತ! ಬೇರೆ ಬೇರೆ ಕೂತು ಮಾಡಿದ ಇಬ್ಬರ ಉತ್ತರ ಒಂದೇ ಬಂದರೆ ಲೆಕ್ಕ ಸರಿ ಎಂಬುದು ಆಫೀಸಿನ ಪದ್ಧತಿ. ಇಬ್ಬರೂ ಒಂದೇ ಕಡೆ ಮೊಟಕು ಮಾಡಿದರೆ ತಪ್ಪೂ ಒಂದೇ ಬರುತ್ತದೆ.

ಎಳೆತ ತಡೆಯಲು ಇನ್ನಷ್ಟು ಉಕ್ಕು ಬೇಕೆಂದು ನಮ್ಮ ಆಫೀಸರ್ ಆನಂದಪ್ಪನವರು ಅಷ್ಟರಲ್ಲಿ ಮೇಲಕ್ಕೆ ಬರೆದಾಗಿತ್ತು. ನಾನು ಸಹಿ ಹಾಕುವುದಿಲ್ಲ ಎಂದಾಗ ನಕ್ಕರು.

"ಎರಡು ಮಿಷಿನ್ನೂ ಒಂದೇ ಹೇಳ್ತಿವೆ ಕಣಮ್ಮ. ನೀನು ಮೂರನೇ ಮಿಷಿನ್ನೋ?"

"ಮಿಷಿನ್ ಸರಿಯಾಗಿದೆ ಸಾರ್. ನಾವು ಕೊಟ್ಟಿದ್ದು ಸರಿಯಿಲ್ಲ."

"ಹಾಗಾದ್ರೆ ಮನೇಲಿ ಕೂತ್ಕೊಂಡು ಸೊನ್ನೆ ಸುತ್ತು, ಹೋಗು."

ಮರುದಿನ ಒಳಗೇ ಬಿಡಲಿಲ್ಲ. ತಾತ್ಕಾಲಿಕದವರಿಗೆ ಕಾರಣ ಹೇಳಬೇಕಿಲ್ಲವಂತೆ.

ಈಗ ದೊಡ್ಡಮ್ಮ ಅಟ್ಟೂರಿನ ಕಡೆಯಿಂದ ಒಂದು ಸಂಬಂಧ ತಂದಿದ್ದಾಳೆ. "ಗಂಡಿನೋರ ಮುಂದೆ ಲೆಕ್ಕದ ಮಾತು ಎತ್ತೀಯ, ಜೋಕೆ!" ಎಂದು ಈಗಲೇ ಗದರಿದ್ದಾಳೆ. ಬರುವ ಭಾನುವಾರ ನೋಡಲು ಬರುತ್ತಾರೆ. ಬೇಡ ಎನ್ನಲು ನನಗೆ ಈಗ ಸಂಬಳವಿಲ್ಲ.

ನಿನ್ನ ತಮ್ಮನ ಓದು ಮುಂದುವರಿಯಲಿ. ನಿನಗೆ ಒಳ್ಳೆಯದಾಗಲಿ.

ನಿನ್ನ,
ಮುನಿಕೃಷ್ಣಮ್ಮ

ಮರೆತಿದ್ದೆ: ಅವತ್ತು ಮಧ್ಯಾಹ್ನ ಆಫೀಸಿನ ನಲ್ಲಿಯ ಹತ್ತಿರ ಡಬ್ಬಿ ತೊಳೆಯುತ್ತಾ, "ಅದು ಸೊನ್ನೆ ಕಣೇ, ನಾನು ಬಿಡಿಸಿ ನೋಡ್ದೆ" ಎಂದು ಮೊದಲು ನನಗೆ ಹೇಳಿದವಳು ನೀನು. ಆನಂದಪ್ಪನವರು ಕೇಳಿದಾಗ, "ನನ್ನ ಮಿಷಿನ್ನಲ್ಲೂ ನಲವತ್ತೆರಡು ಪಾಯಿಂಟ್ ಎಂಟೇ ಬಂತು ಸಾರ್" ಎಂದವಳೂ ನೀನೇ. ಅದು ಸುಳ್ಳಲ್ಲ. ಸುಳ್ಳಾಗಿದ್ದರೆ ಇಷ್ಟು ಹೊತ್ತಿಗೆ ಕ್ಷಮಿಸಿರುತ್ತಿದ್ದೆ.