ಮರೆಪ್ಪ ಸಾಹೇಬನ ವಂಶ

೧೮ ನವೆಂಬರ್ ೧೯೨೪, ಮಂಗಳವಾರ. ಕಲಬುರಗಿ

ಮೂರು ಹೆರಿಗೆ. ಮೂರೂ ಸುಸೂತ್ರ. ಕೊನೆಯ ಕೂಸು ಅಡ್ಡ ಇತ್ತು, ತಿರುಗಿಸಿದೆ. ಲೇಡಿ ಡಾಕ್ಟರ್ ಬಾಗಿಲಲ್ಲಿ ನಿಂತು ನೋಡಿದರು, ಒಳಗೆ ಬರಲಿಲ್ಲ. ಬರುವ ಅಗತ್ಯವೂ ಇರಲಿಲ್ಲ.

ಕೈ ತೊಳೆದು ಹೊರಗೆ ಬಂದರೆ ವಾರ್ಡಿನ ಆಯಾ ಮಸ್ತಾನಬಿ ಕಾಯುತ್ತಿದ್ದಳು. "ಸಿಸ್ಟರ್, ಕಮಲಾಪುರದಿಂದ ಆದ್ಮಿ ಬಂದಾನ್ರೀ." ಅತ್ತಿಗೆ ಭೀಮಬಾಯಿ ಕಳಿಸಿದ ಗಾಡಿಯವನು. ಒಂದೇ ಮಾತು ತಂದಿದ್ದ — "ಪೀರಪ್ಪ ಗೋಡಿ ಕಡಿ ಮಾರಿ ಮಾಡ್ಯಾನ."

ನಮ್ಮ ಮನೆಯಲ್ಲಿ ಇದಕ್ಕೆ ಅರ್ಥ ಬಿಡಿಸಿ ಹೇಳಬೇಕಿಲ್ಲ. ಅಣ್ಣ ಪೀರಪ್ಪನಿಗೆ ಇದು ಮೂರನೇ ಚಳಿಗಾಲ; ಹಿಂದಿನೆರಡು ಸಲ ಹಗುರಾಗಿ ಬಂದು ಹೋಗಿತ್ತು, ಊಟ ಬಿಟ್ಟಿರಲಿಲ್ಲ. ಈ ಸಲ ಗಟ್ಟಿ. ಮಾತಿಲ್ಲ, ಊಟವಿಲ್ಲ, ಕೌದಿ ಹೊದ್ದು ಗೋಡೆ ನೋಡುತ್ತಾ ಮಲಗುವುದು. ಅಪ್ಪನಿಗೂ ಹೀಗೇ ಆಗಿತ್ತು. ಅಪ್ಪ ಏಳಲಿಲ್ಲ.

ರಜೆ ಕೇಳಬೇಕು. ಕೊಡುತ್ತಾರೆ. ನನಗೆ ಇಲ್ಲ ಅಂದವರು ಕಡಿಮೆ.

೨೩ ನವೆಂಬರ್. ಕಮಲಾಪುರ

ಅಣ್ಣ ಸೊರಗಿದ್ದಾನೆ. "ನಾನು, ದುಂಡಿ ಬಂದೀನಿ" ಅಂದೆ. ಕಣ್ಣು ಹೊರಳಿಸಲಿಲ್ಲ. ನಾಡಿ ನಿಧಾನ, ಜ್ವರ ಇಲ್ಲ, ಎದೆ ಸ್ವಚ್ಛ. ಬಾಯಿಗೆ ಹಾಕಿದ್ದು ಹಾಗೇ ಇಳಿದು ಬರುತ್ತದೆ. ಅತ್ತೂ ಅತ್ತೂ ಅತ್ತಿಗೆಯ ಕಣ್ಣು ಬಾತಿವೆ.

ದೌಲಪ್ಪ ಕಾಕಾ ಬಂದರು. ಅಪ್ಪನ ತಮ್ಮ. ಈಗ ಮನೆಗೆ ಅವರೇ ಹಿರಿಯರು, ಕುಲದ ಪಂಚಾಯ್ತಿಯಲ್ಲೂ ಅವರದೇ ಮಾತು. ಹೊಸ್ತಿಲಲ್ಲೇ ನಿಂತು ತೀರ್ಪು ಕೊಟ್ಟರು.

"ಸಾಹೇಬ ಬಡದಾನ. ಗುಡಿ ಕಂಬಕ್ಕ ಕಟ್ಟಬೇಕು. ಅಂದ್ರೇ ಇಳೀತದ."

"ಯಾವ ಸಾಹೇಬ, ಕಾಕಾ?"

"ಮನಿತನದ ಗಂಡಸರಿಗಿ ಬಡಿಯೋ ಸಾಹೇಬ. ಹೆಣ್ಣಮಗಳಿಗ್ಯಾಕ ಅದು?"

ಸಣ್ಣಂದಿನಿಂದ ಕೇಳಿದ್ದೇನೆ ಈ ಸಾಹೇಬನ ಸುದ್ದಿ. ದೆವ್ವ ಅಂತ ನಂಬಿದ್ದೆ. ಆಮೇಲೆ ನಂಬುವುದು ಬಿಟ್ಟೆ. ಯಾರು ಅಂತ ಕೇಳಿದ್ದು ಇವತ್ತೇ ಮೊದಲು.

"ಅಪ್ಪನ್ನೂ ಕಟ್ಟಿದ್ರಿ. ಕಂಬದಾಗೇ ಜೀವ ಹೋಯ್ತು" ಅಂದೆ.

ಕಾಕಾ ಸಿಟ್ಟಾಗಲಿಲ್ಲ. ಅಂಗಿಯ ತೋಳು ಮೇಲೆ ಸರಿಸಿ ಎರಡೂ ಮಣಿಕಟ್ಟು ಮುಂದೆ ಹಿಡಿದರು. ಸುತ್ತಲೂ ಕಪ್ಪು ಕಲೆ, ಹಗ್ಗದ ಅಗಲ.

"ನನ್ನೂ ಕಟ್ಟಿದ್ರು, ನೀ ಹುಟ್ಟೋಕ್ಕಿಂತ ಮೊದಲ. ಗುಣ ಆದ್ನೋ ಇಲ್ಲೋ? ನಿಮ್ಮಪ್ಪಂದು ಕಟ್ಟೋದು ತಡಾ ಆಯ್ತು. ಅದೇ ತಪ್ಪಾಯ್ತು ನೋಡು."

ಗೊತ್ತೇ ಇರಲಿಲ್ಲ ನನಗೆ. ಯಾವಾಗಲೂ ಉದ್ದ ತೋಳಿನ ಅಂಗಿ — ಬೇಸಿಗೆಯಲ್ಲೂ. ಈ ಮನುಷ್ಯ ಕೆಟ್ಟವನಲ್ಲ. ಒಳ್ಳೆಯದು ಮಾಡುತ್ತೇನೆ ಅಂತಲೇ ಹಗ್ಗ ಹಿಡಿದಿದ್ದಾನೆ. ಅಂಥವರ ಕೈಯಿಂದ ಬಿಡಿಸುವುದು ಕಷ್ಟ.

ಕೊನೆಗೆ ಒಪ್ಪಂದ. ಅವರಾತ್ರಿ ಅಮಾವಾಸ್ಯೆಯವರೆಗೆ, ಅಂದರೆ ಜನವರಿ ಇಪ್ಪತ್ತನಾಲ್ಕರವರೆಗೆ, ಕಾಯುತ್ತಾರೆ. ಅಷ್ಟರಲ್ಲಿ ಅಣ್ಣ ಏಳಬೇಕು. ಇಲ್ಲವಾದರೆ ಕಂಬ.

೨೭ ನವೆಂಬರ್. ಕಲಬುರಗಿ

ಲೇಡಿ ಡಾಕ್ಟರ್‌ಗೆ ಎಲ್ಲ ಹೇಳಿದೆ. "ಮೆಲಂಕೋಲಿಯಾ" ಅಂದರು, ಮನಸ್ಸು ಕುಗ್ಗಿಹೋಗುವ ಕಾಯಿಲೆ. ಕೊಡಲು ಔಷಧಿ ಇಲ್ಲವಂತೆ. ಆದರೆ ಒಂದು ಮಾತು ಹೇಳಿದರು — ಕೆಲವು ಮನೆತನಗಳಲ್ಲಿ ಹರಿದು ಬರುತ್ತದೆ, ಮೊದಲು ಯಾರಿಗೆ ಬಂತು, ಅವರು ಎದ್ದರೋ ಇಲ್ಲವೋ, ಹೇಗೆ ತೀರಿಕೊಂಡರು, ತಿಳಿದುಕೋ. ನಿನ್ನ ಅಣ್ಣನದೂ ಹೆಚ್ಚುಕಡಿಮೆ ಹಾಗೇ ಇರುತ್ತದೆ.

ನಮ್ಮಲ್ಲಿ ಈ ಕಾಯಿಲೆಗೆ ಸಾಹೇಬನದೇ ಹೆಸರು, ಮೊದಲು ಬಂದದ್ದೂ ಅವನಿಗೇ ಇರಬೇಕು. ಅಂದರೆ ಅವನನ್ನು ಹುಡುಕಬೇಕು. ಸರಿ. ಕಣ್ಣಿಗೆ ಕಾಣದ ಕೂಸಿನ ತಲೆ ಎಲ್ಲಿದೆ ಅಂತ ಹೊಟ್ಟೆಯ ಮೇಲೆ ಕೈಯಿಟ್ಟು ಹೇಳುತ್ತೇನೆ. ಒಬ್ಬ ಸಾಹೇಬ ಎಲ್ಲಿ ಅಡಗುತ್ತಾನೆ?

೨೬ ಡಿಸೆಂಬರ್, ಎಳ್ಳಮಾವಾಸ್ಯೆ. ಕಮಲಾಪುರ. ಸಂಜೆ

ಹೊಲದಲ್ಲಿ ಭೂಮಿಗೆ ಎಡೆಯಾಗಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ ಭಜ್ಜಿ ಉಂಡು ಬಂದೆವು. ಅಣ್ಣ ಬರಲಿಲ್ಲ. ಅವನ ಪಾಲು ಅತ್ತಿಗೆ ಕಟ್ಟಿಕೊಂಡು ಬಂದಳು, ಹಾಗೇ ಇದೆ.

ಬಂದು ನೋಡಿದರೆ ಅಂಗಳದಲ್ಲಿ ಹೆಳವರ ಎತ್ತು. ಸಾಯಬಣ್ಣ! ಅವನಪ್ಪನೂ ನಮ್ಮ ಮನೆಗೆ ಬರುತ್ತಿದ್ದ. ಕುಲದ ಹೆಸರುಗಳನ್ನೆಲ್ಲ ಬಾಯಲ್ಲಿಟ್ಟುಕೊಂಡು ಸುಗ್ಗಿಗೆ ಬಂದು ವಂಶ ಹೊಗಳಿ ಜೋಳ ಒಯ್ಯುವವರು. ಇಷ್ಟು ದಿನ ನನಗೆ ಇವನ ನೆನಪೇ ಆಗಲಿಲ್ಲವಲ್ಲ.

ಶುರು ಮಾಡಿದ. "ಪೀರಪ್ಪನ ತಂದಿ ಅಮೋಘಪ್ಪ, ಅಮೋಘಪ್ಪನ ತಂದಿ ಅಮೋಘಸಿದ್ದ, ಅಮೋಘಸಿದ್ದನ ತಂದಿ ಮರೆಪ್ಪ, ಮರೆಪ್ಪನ ಹೇಣ್ತಿ ಮಲ್ಕಮ್ಮ, ಮಲ್ಕಮ್ಮನ ತಂದಿ —"

"ನಿಂದರು. ಮರೆಪ್ಪನ ತಂದಿ ಯಾರು?"

ತಡೆದ. ಗಂಡಸರ ದಾರಿ ಹಿಡಿದು ಬಂದವನು ಅಲ್ಲೊಂದೇ ಕಡೆ ಹೆಣ್ಣಿನ ತವರಿಗೆ ಜಿಗಿದಿದ್ದ.

"ಅಲ್ಲಿಗಿ ನನ್ನ ಬಾಯಿ ಕಟ್ಟ್ಯಾರವ್ವ. ನಿಮ್ಮ ಮುತ್ಯಾ ಅಮೋಘಸಿದ್ದ ನಮ್ಮಪ್ಪನ ಕಡಿಂದ ಆಣಿ ಹಾಕಿಸ್ಯಾನ. ಮನಿ ಹಿರೇರು ಬಿಚ್ಚಿದ್ರ ಬಿಚ್ಚಬೇಕು."

ಕಾಕಾ ಎಲೆ ಅಡಿಕೆ ಹುಡುಕುವ ನೆಪ ಮಾಡಿ ಎದ್ದು ಹೋದರು. ಜೋಳ ಅಳೆದು ಹಾಕುವಾಗ ಮತ್ತೆ ಕೇಳಿದೆ. ಆಣೆಗೆ ತಾಗದಷ್ಟು ಹೇಳಿದ. "ಪರಾಭವ ಸಂವತ್ಸರದಾಗ ಕಲಬುರಗಿ ಕಡಿಂದ ಬಂದಾನ. ರಸ್ತಾ ಮಾಡಸ್ತಿದ್ನಂತ. ಇಷ್ಟೇ, ಇನ್ ಕೇಳಬ್ಯಾಡ."

ಸಾಕು. ನಾನು ಟ್ರೇನಿಂಗಿಗೆ ಸೇರಿದ ವರ್ಷ, ೧೯೦೬, ಪರಾಭವ. ಅದರ ಹಿಂದಿನ ಪರಾಭವ ಅರವತ್ತು ವರ್ಷ ಮೊದಲು, ಅಂದರೆ ೧೮೪೬. ರಸ್ತೆ ಮಾಡಿಸುವವರು ಆಗ ಯಾರು? ಗೋರಾ ಜನ, ಬಿಳಿಯರು.

ಮರೆಪ್ಪನೇ ಸಾಹೇಬ.

೩ ಜನವರಿ ೧೯೨೫. ಕಲಬುರಗಿ

ಡ್ಯೂಟಿ ಮುಗಿಸಿ ಪಾದ್ರಿ ಯೇಸುದಾಸರ ಹತ್ತಿರ ಹೋದೆ. ಅವರ ಇಬ್ಬರು ಮಕ್ಕಳನ್ನೂ ಹಿಡಿದವಳು ನಾನೇ, ಬೇಡ ಅನ್ನಲಾರರು. ಸತ್ತವರ ಹೆಸರು ಬರೆದಿಟ್ಟ ೧೮೪೬ರ ಚರ್ಚಿನ ಪುಸ್ತಕ ಇಲ್ಲಿಲ್ಲ, ಸಿಕಂದರಾಬಾದಿನಲ್ಲಿ ಇರಬಹುದು, ಬರೆದು ಕೇಳುತ್ತೇನೆ ಅಂದರು. "ಗೋರಾ ಮಂದಿಯ ಹಳೇ ಗೋರಿ ಅವ. ನೋಡ್ತೀರೇನು?"

ಕೋಟೆಯ ಆಚೆ, ಜಾಲಿಯ ನಡುವೆ. ಹತ್ತು ಹನ್ನೆರಡು ಕಲ್ಲು. ಸೀರೆ ಎತ್ತಿ ಕಟ್ಟಿ ಒಂದೊಂದೇ ಕಲ್ಲಿನ ಮುಖ ಉಜ್ಜಿದೆ. ಪಾದ್ರಿ ಓದಿದರು. ಒಬ್ಬ ಕ್ಯಾಪ್ಟನ್. ಒಬ್ಬ ಡಾಕ್ಟರ್. ಮುಳ್ಳಿನ ಒಳಗೆ ಒಂದು ಮುರುಕು ಕಲ್ಲು —

ಮಾರ್ಗರೆಟ್. ರಸ್ತೆಯ ಓವರ್‌ಸಿಯರ್ ಅಲೆಕ್ಸಾಂಡರ್ ಮರ್ರೆಯ ಪತ್ನಿ. ಜೊತೆಗೆ ಮಕ್ಕಳು ಜಾನ್, ಎಲ್ಸ್‌ಪೆತ್. ಕಾಲರಾ. ೧೮೪೬. ಸ್ಕಾಟ್‌ಲೆಂಡಿನ ಇನ್ವರ್‌ನೆಸ್ ಸೀಮೆಯವರು.

"ಮರ್ರೆ" ಅಂದೆ. "ಮರ್ರಪ್ಪ. ಮರೆಪ್ಪ."

ಪಾದ್ರಿ ನನ್ನ ಮುಖ ನೋಡಿದರು. ನಮ್ಮ ಮನೆಯವರಿಗೆಲ್ಲ ಇರುವ ತಿಳಿಬಣ್ಣದ ಬೆಕ್ಕುಗಣ್ಣು ಅವರಿಗೆ ಈಗ ಕಂಡಿತೇನೋ. "ಇವರು ಇಂಗ್ಲೀಷರಲ್ಲಮ್ಮ. ಸ್ಕಾಚ್ ಮಂದಿ. ಗುಡ್ಡದ ನಾಡು, ಚಳಿ ಭಾಳ. ಕುರಿ ಸಾಕಿ ಬದಕೋರು."

ಕುರಿ ಸಾಕುವವರು! ನಮ್ಮ ಕುಲದವರೂ ಕುರಿ ಸಾಕಿಯೇ ಬದುಕಿದವರು. ನಕ್ಕುಬಿಟ್ಟೆ, ಗೋರಿಗಳ ನಡುವೆ. ಆಮೇಲೆ ಮಕ್ಕಳ ಹೆಸರು ಇನ್ನೊಮ್ಮೆ ಓದಿಸಿಕೊಂಡೆ. ನಗು ನಿಂತಿತು.

೧೪ ಜನವರಿ

ಸಿಕಂದರಾಬಾದಿನಿಂದ ನಕಲು ಬಂತು. ಪಾದ್ರಿ ಕನ್ನಡದಲ್ಲಿ ಹೇಳಿದ್ದನ್ನು ಹಾಗೇ ಬರೆದುಕೊಳ್ಳುತ್ತೇನೆ.

"ಮಣ್ಣು ಮಾಡುವಾಗ ಗಂಡ ಹಾಜರಿಲ್ಲ. ಬುದ್ಧಿ ಸ್ಥಿಮಿತದಲ್ಲಿಲ್ಲ. ಈ ಹಿಂದೆಯೂ ಎರಡು ಚಳಿಗಾಲ ಯಾರೊಡನೆಯೂ ಮಾತಾಡದೆ ಹಾಸಿಗೆ ಹಿಡಿದಿದ್ದನು. ಹುಮನಾಬಾದ್ ರಸ್ತೆಯಲ್ಲಿ ಒಬ್ಬನೇ ನಡೆದು ಹೋದನು. ಹುಡುಕಿಸಲಾಗಿ ಸಿಗಲಿಲ್ಲ."

ಈ ಹಿಂದೆಯೂ. ಅಂದರೆ ಹೆಂಡತಿ ಮಕ್ಕಳು ಸತ್ತ ದುಃಖಕ್ಕೆ ಮಾತ್ರ ಅಲ್ಲ. ಅಣ್ಣನದೇ ಕಾಯಿಲೆ. ಬಂದು, ಹೋಗಿ, ಮತ್ತೆ ಬರುವುದು.

ಹುಮನಾಬಾದ್ ರಸ್ತೆಯ ಮೇಲೇ ಕಮಲಾಪುರ. ಪಾದ್ರಿಯ ಪುಸ್ತಕ ಅವನನ್ನು ಕೈಬಿಟ್ಟ ಜಾಗದಲ್ಲಿ ಹೆಳವನ ಬಾಯಿ ಹಿಡಿದುಕೊಂಡಿದೆ. ಅವರಿಗೆ ಸಿಗಲಿಲ್ಲವಂತೆ. ನನಗೆ ಸಿಕ್ಕ.

ಆದರೆ ಮುಖ್ಯವಾದದ್ದು ಇನ್ನೂ ಇಲ್ಲ. ಎದ್ದನೋ? ಹೇಗೆ ಸತ್ತ? ಅದು ಸಾಯಬಣ್ಣನ ಹತ್ತಿರ ಇದೆ. ಸುಗ್ಗಿ ಮುಗಿಯುವವರೆಗೆ ಅವನು ಅಲ್ಲೇ ಸುತ್ತಮುತ್ತ. ಇಪ್ಪತ್ತನಾಲ್ಕಕ್ಕೆ ನಮ್ಮ ಅಂಗಳದಲ್ಲಿ ಇರಬೇಕು ಅಂತ ಹೇಳಿ ಕಳಿಸಿದ್ದೇನೆ.

೨೪ ಜನವರಿ, ಅಮಾವಾಸ್ಯೆ. ಕಮಲಾಪುರ

ಮುಗಿಯಿತು.

ನಾನು ಮುಟ್ಟುವಾಗ ಹೊತ್ತು ನೆತ್ತಿಗೆ ಬಂದಿತ್ತು. ಅಂಗಳದಲ್ಲಿ ಕಾಕಾ, ಕುಲದವರು ನಾಲ್ಕೈದು ಜನ, ಹೊಸ ಹಗ್ಗ. ಒಂದು ಮೂಲೆಯಲ್ಲಿ ಸಾಯಬಣ್ಣ, ಎತ್ತಿನ ಮಗ್ಗುಲಲ್ಲಿ. ಅತ್ತಿಗೆ ಒಳಬಾಗಿಲಿಗೆ ಅಡ್ಡ ಕೂತಿದ್ದಳು. ನಾನು ಹೋಗಿ ಅವಳ ಮುಂದೆ ನಿಂತೆ.

"ಮೊದಲ ಹೆಳವ ವಂಶ ಹೇಳಲಿ. ಪೂರ್ತಿ. ಆಮ್ಯಾಲ ಕಟ್ಟೋದಿದ್ರ ಕಟ್ರಿ."

"ಅವನ ಬಾಯಿ ನಮ್ಮಪ್ಪ ಕಟ್ಟ್ಯಾನ. ನಾ ಬಿಚ್ಚಲ್ಲ" ಅಂದರು ಕಾಕಾ.

"ಹಂಗಾದ್ರ ಅರ್ಧ ನಾನೇ ಹೇಳ್ತೀನಿ."

ಹೇಳಿದೆ. ವಾರ್ಡಿನ ಆ ತುದಿಯವರೆಗೆ ಕೇಳಿಸುವ ಧ್ವನಿಯಲ್ಲಿ. ಅಲೆಕ್ಸಾಂಡರ್ ಮರ್ರೆ, ಸ್ಕಾಟ್‌ಲೆಂಡಿನ ಗೋರಾ, ರಸ್ತೆಯ ಓವರ್‌ಸಿಯರ್. ಮಾರ್ಗರೆಟ್, ಜಾನ್, ಎಲ್ಸ್‌ಪೆತ್. ಹುಮನಾಬಾದ್ ರಸ್ತೆ. "ಅವನೇ ನಮ್ಮ ಮುತ್ತಜ್ಜ ಮರೆಪ್ಪ. ನಮ್ಮ ಮೈಯಾಗ ಅವನ ರಕ್ತ ಅದ. ದೆವ್ವ ಅಲ್ಲ."

ಕುಲದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಕಾ ಕಟ್ಟೆಯ ಮೇಲೆ ಕುಸಿದು ಕೂತರು. ಆಮೇಲೆ, ನೆಲ ನೋಡುತ್ತಲೇ —

"ಹೇಳೋ ಸಾಯಬಣ್ಣ. ಮರ್ಯಾದಿ ಅಂತೂ ಹೋಯ್ತು. ಉಳದದ್ದರ ಕೇಳಮು."

ಸಾಯಬಣ್ಣ ಎದ್ದು ರುಮಾಲು ಸರಿಮಾಡಿಕೊಂಡ. ಹೆಳವರು ವಂಶ ಹೇಳುವ ಆ ಎಳೆಯುವ ದನಿ —

"ಪರಾಭವ ಸಂವತ್ಸರ, ಬ್ಯಾನಿ ಬಂದ ವರ್ಷ. ರಸ್ತಾದ ಸಾಹೇಬ ಬರಿಗಾಲಿಲೆ ಬಂದ. ಮಲ್ಕಮ್ಮನ ಕುರಿಹಟ್ಟಿ ಮುಂದ ಬಿದ್ದ. ಮಾತಿಲ್ಲ ಕತಿ ಇಲ್ಲ. ಊರವರು ಹುಚ್ಚ ಅಂದ್ರು, ಕಂಬಕ್ಕ ಕಟ್ಟು ಅಂದ್ರು. ಮಲ್ಕಮ್ಮ ಕಟ್ಟಲಿಲ್ಲ. ಮಗ್ಗಲಾಗ ಕೂತು ಅಂಬಲಿ ಕುಡಿಸ್ಯಾಳ, ಎದಿ ಮ್ಯಾಲ ಎಳೇ ಮರಿ ಇಟ್ಟಾಳ. ಬಿಸಲು ಏರಿದಾಂಗ ಸಾಹೇಬ ಎದ್ದ. ಎದ್ದವನೇ ಕತ್ತರಿ ಹಿಡಿದು ಕುರಿ ತುಪ್ಪಟ ಕತ್ತರಿಸ್ಯಾನ — ಯಾರೂ ಕಲಿಸಿಲ್ಲ, ಕೈಗೆ ಬರ್ತಿತ್ತು. ಎರಡು ವರ್ಷಕ್ಕೊಮ್ಮಿ, ಮೂರು ವರ್ಷಕ್ಕೊಮ್ಮಿ ಗೋಡಿ ಕಡಿ ಮಾರಿ ಮಾಡ್ಯಾನ. ಅಕಿ ಮಗ್ಗಲಾಗ ಕೂತಾಳ. ಅವ ಎದ್ದಾನ. ಕಡೀಕ ಮೊಮ್ಮಗನ ಜಾವಳ ಕಂಡು, ಜ್ವರ ಬಂದು, ತನ್ನ ಮನ್ಯಾಗ ತನ್ನ ಹಾಸಿಗಿ ಮ್ಯಾಲ ಕಣ್ಣ ಮುಚ್ಚ್ಯಾನ."

"ಕಟ್ಟದೇನೇ ಎದ್ದಾನ, ಕಾಕಾ" ಅಂದೆ. "ಪ್ರತಿ ಸಲ."

ಕಾಕಾ ತಮ್ಮ ಮಣಿಕಟ್ಟು ನೋಡಿಕೊಳ್ಳುತ್ತಿದ್ದರು.

"ಹಂಗಂದ್ರ... ನನ್ನ ಸುಮ್ನ ಬಿಟ್ಟಿದ್ರೂ ಏಳ್ತಿದ್ನೇನು?"

"ಏಳ್ತಿದ್ರಿ."

"ನಮ್ಮಣ್ಣ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ನಿಜವೂ ಬಾಯಿಗೆ ಬರಲಿಲ್ಲ. ಅವರಿಗೆ ಅದೇ ಉತ್ತರವಾಯಿತು. ಮುಖಕ್ಕೆ ರುಮಾಲು ಒತ್ತಿಕೊಂಡರು. ಅವರು ಅಳುವುದನ್ನು ನಾನು ನೋಡಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಎದ್ದು ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡು ದನದ ಕೊಟ್ಟಿಗೆ ಕಡೆ ಹೋದರು. ಕುಲದವರು ನೀರೂ ಕುಡಿಯದೆ ಹೋದರು.

ಒಳಗೆ ಹೋದೆ. ಅಣ್ಣ ಹಾಗೇ ಗೋಡೆ ಕಡೆಗೆ. ಪಕ್ಕದಲ್ಲಿ ಕೂತೆ. ಸುಮ್ಮನೆ. ಹೊರಗೆ ಅತ್ತಿಗೆ ಸಾಯಬಣ್ಣನಿಗೆ ಜೋಳ ಹಾಕುವ ಸಪ್ಪಳ. ಆಗ ಗೋಡೆಯ ಕಡೆಯಿಂದ —

"ಎಷ್ಟು ಸಲ ಎದ್ದನಂತ?"

ಎರಡು ತಿಂಗಳ ಮೇಲೆ ಅಣ್ಣನ ದನಿ. ಒಡೆದ ಕೊಳವೆಯ ಹಾಗೆ.

"ಬಿದ್ದಷ್ಟೂ ಸಲ."

ಅರ್ಧ ಬಟ್ಟಲು ಅಂಬಲಿ ಕುಡಿದ. ಉಳಿದರ್ಧ ನಾನು ಕುಡಿದೆ.

೮ ಮಾರ್ಚ್. ಕಲಬುರಗಿ

ಅಣ್ಣ ಎದ್ದಿದ್ದಾನೆ. ಒಮ್ಮೆಗೇ ಅಲ್ಲ. ಮೊದಲು ಕಟ್ಟೆಯವರೆಗೆ, ಆಮೇಲೆ ಬಾವಿಯವರೆಗೆ, ಈಗ ಕುರಿಗಳ ಹಿಂದೆ. ನಿನ್ನೆ ಗಾಡಿ ಮಾಡಿಕೊಂಡು ಇಲ್ಲಿಗೆ ಬಂದ. ಗೋರಿ ತೋರಿಸು ಅಂದ. ತೋರಿಸಿದೆ. ಜಾಲಿ ಕಡಿದು ಹಾಕಿದ, ಮಕ್ಕಳ ಹೆಸರಿನ ಮೇಲೆ ಕೈ ಆಡಿಸಿದ. "ಪಾಪ, ಭಾಳ ದೂರ ಬಂದಿದ್ರು" ಅಂದ. ಅಷ್ಟೇ.

ಬೆಲೆ ತೆತ್ತಿದ್ದೇವೆ. ಪಂಚಾಯ್ತಿಗೆ ಕಾಕಾನನ್ನು ಕರೆಯುತ್ತಿಲ್ಲ. ಊರ ಹುಡುಗರು "ಗೋರಾ ಮಂದಿ ಮನಿ" ಅಂತ ಕೂಗುತ್ತಾರಂತೆ. "ಕೂಗ್ಲಿ. ಮನ್ಯಾಗ ಗಂಡ ಎದ್ದು ಕೂತಾನ" — ಇದು ಅತ್ತಿಗೆಯ ಮಾತು.

ಕಾಕಾ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಬಿಡಲಿ. ಮತ್ತೆ ಅದೇ ಸಂದರ್ಭ ಬಂದರೆ ಮತ್ತೆ ಅದೇ ಮಾಡುತ್ತೇನೆ.

೨೨ ನವೆಂಬರ್ ೧೯೨೫. ಕಲಬುರಗಿ. ಮುಂಜಾನೆ

ಡ್ಯೂಟಿಗೆ ಹೊರಟು ಬಾಗಿಲು ತೆಗೆದರೆ ಹೊರಗೆ ಕಾಕಾ. ಕಂಬಳಿ ಹೊದ್ದು ಮೆಟ್ಟಿಲ ಮೇಲೆ ಕೂತಿದ್ದಾರೆ. ಒಬ್ಬರೇ. ಎಷ್ಟು ಹೊತ್ತಿನಿಂದಲೋ. ಮಾತು ಬಿಟ್ಟು ಹತ್ತು ತಿಂಗಳಾಗಿದೆ.

"ಯಾಕ ಕಾಕಾ? ಮನ್ಯಾಗ ಎಲ್ಲಾ ಆರಾಮ?"

"ಅವರೆಲ್ಲಾ ಆರಾಮ." ಮಾತು ಒಂದೊಂದೇ ಎತ್ತಿ ತರಬೇಕಾಗಿತ್ತು ಅವರಿಗೆ. "ದುಂಡವ್ವ... ನನಗ ಮತ್ತ ಬರಲಾಕತ್ತದ. ಗೊತ್ತಾಗ್ತದ ನನಗ. ಮಾತು ಇರೋತನಕ ಬಂದು ಹೇಳಮು ಅಂತ ಬಂದ್ನಿ."

"ಒಳಗ ಬರ್ರಿ."

"ಕಟ್ಟಂಗಿಲ್ಲಲ?"

ಕೈ ಹಿಡಿದು ಎಬ್ಬಿಸಿದೆ. ಅರ್ಧ ತೋಳಿನ ಅಂಗಿ ಹಾಕಿಕೊಂಡು ಬಂದಿದ್ದಾರೆ, ಈ ಚಳಿಯಲ್ಲಿ. ನನ್ನ ಹಾಸಿಗೆ ಬಿಡಿಸಿ ಹಾಸಿದೆ. ಮಲಗಿದರು. ಇನ್ನೂ ನನ್ನ ಕಡೆಗೇ ಮುಖ ಇದೆ. ಮಸ್ತಾನಬಿಗೆ ಹೇಳಿ ಕಳಿಸಿದ್ದೇನೆ, ಸಿಸ್ಟರ್ ಇವತ್ತು ಬರುವುದಿಲ್ಲ ಅಂತ. ಅಂಬಲಿ ಒಲೆಯ ಮೇಲಿದೆ. ಬರೆಯುವುದು ಇನ್ನೂ ಇದೆ, ಆದರೆ ಈಗ ಅವರು ನಿಧಾನಕ್ಕೆ ಮಗ್ಗುಲು ತಿರುಗುತ್ತಿದ್ದಾರೆ, ನಾನು ಹೋಗಿ ಪಕ್ಕದಲ್ಲಿ —