ಎಕ್ಕದ ಹತ್ತಿ ತುಂಬಿದ ಚೀಲ

ಆಸ್ಪತ್ರೆಯ ವರಾಂಡ,
ಮಂಗಳವಾರ ಬೆಳಿಗ್ಗೆ

ನನ್ನ ಮುದ್ದು ಸೊಸೆಗೆ,

ಹೇಗಿದ್ದೀಯಮ್ಮಾ? ನಮ್ಮ ಗುಬ್ಬಿ ಹೇಗಿದ್ದಾಳೆ? ಅವಳ ಉಬ್ಬಸ ಇಳಿದಿದೆಯೇ? ಇಲ್ಲಿದ್ದಾಗ ಮಗು ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುತ್ತಿತ್ತು, ಈಗ ನೆಟ್ಟಗೆ ಕಾಲುಚಾಚಿ ಮಲಗುತ್ತದೆಯೋ? ನೀನೂ ಹೊತ್ತುಹೊತ್ತಿಗೆ ಊಟ ಮಾಡು. ತವರಿನಲ್ಲಿದ್ದೇನೆ ಎಂಬ ಸಂಕೋಚದಲ್ಲಿ ಅರ್ಧ ಹೊಟ್ಟೆಯಲ್ಲಿ ಏಳುವ ಹುಡುಗಿ ನೀನು, ನನಗೆ ಗೊತ್ತು. ಫೋನ್ ಮಾಡಿದ್ದೆ. ನಿನ್ನ ಅಣ್ಣ ‘ಅವಳು ಮಾತಾಡಲ್ಲ’ ಎಂದು ಇಟ್ಟುಬಿಟ್ಟ. ಅವನ ಮೇಲೆ ನನಗೆ ಕೋಪವಿಲ್ಲ. ತಂಗಿ ಮಗುವನ್ನೆತ್ತಿಕೊಂಡು ಅಳುತ್ತಾ ಬಂದರೆ ಯಾವ ಅಣ್ಣನೂ ಹಾಗೇ ಮಾಡುತ್ತಾನೆ. ಅದಕ್ಕೇ ಈ ಕಾಗದ. ಬಸ್ಸಿನ ಕಂಡಕ್ಟರ್ ನಿನ್ನ ಕೈಗೇ ಕೊಡುತ್ತೇನೆಂದು ಮಾತು ಕೊಟ್ಟಿದ್ದಾನೆ.

ಆಸ್ಪತ್ರೆ ಎಂದೊಡನೆ ಗಾಬರಿಯಾಗಬೇಡ. ನನಗೇನೂ ಆಗಿಲ್ಲ, ನಾನು ಗುಂಡುಕಲ್ಲಿನ ಹಾಗಿದ್ದೇನೆ. ಮಲಗಿರುವವನು ನಿನ್ನ ಗಂಡ. ಜೀವವಿದೆ, ಮಾತಾಡುತ್ತಾನೆ. ಇಷ್ಟು ಓದಿ ಒಮ್ಮೆ ಉಸಿರು ಬಿಡು, ಆಮೇಲೆ ಮುಂದೆ ಓದು. ನಿನಗೆ ತಿಳಿಸಬಾರದು ಎಂದು ಅವನು ನನ್ನಿಂದ ಆಣೆ ಹಾಕಿಸಿಕೊಂಡಿದ್ದ. ಇವತ್ತು ಆ ಆಣೆ ಮುರಿದಿದ್ದೇನೆ.

ನೀನು ಹೋದ ಮೇಲೆ ಅವನು ಸುಮ್ಮನೆ ಕೂತಿರಲಿಲ್ಲ. ‘ಈ ಮನೇಲಿ ಒಂದೋ ಹತ್ತಿ ಇರ್ಬೇಕು, ಇಲ್ಲ ನನ್ನ ಮಗು ಇರ್ಬೇಕು’ ಎಂದು ನೀನು ಹೇಳಿ ಹೊರಟೆಯಲ್ಲ, ಆವತ್ತು ಸಂಜೆಯೇ ಎಕ್ಕದ ಹತ್ತಿಯ ಮೂಟೆಗಳನ್ನೆಲ್ಲ ಹೊತ್ತು ಹಳೇ ಗ್ಯಾರೇಜಿಗೆ ಸಾಗಿಸಿದ. ಒದ್ದೆ ಬಟ್ಟೆ ಹಿಡಿದು ಗೋಡೆ, ಕಿಟಕಿ, ತೊಟ್ಟಿಲು, ಫ್ಯಾನಿನ ರೆಕ್ಕೆ ಎಲ್ಲ ಒರೆಸಿದ. ನಾನೂ ಜೊತೆಗೆ ನಿಂತೆ. ಆ ಹತ್ತಿಯಾದರೂ ಎಂಥ ಮಾಯಾವಿ! ಚಹಾದಲ್ಲಿ ಅದು, ಬೇಳೆ ಡಬ್ಬದಲ್ಲಿ ಅದು, ಬೆಕ್ಕಿನ ಮೀಸೆಯಲ್ಲೂ ಅದೇ. ದೊಡ್ಡವರಾದ ನಮಗೇ ಸೀನು ಬರುತ್ತಿತ್ತು, ಇನ್ನು ಆ ಪುಟ್ಟ ಎದೆ ಏನು ತಡೆದೀತು. ನೀನು ಹೊರಟದ್ದು ಸರಿ. ನಿನ್ನ ಚೀಲ ಬಸ್ಸಿಗೇರಿಸಿದವಳು ನಾನೇ, ಈಗಲೂ ಅದೇ ಮಾತು ಹೇಳುತ್ತೇನೆ.

ಆದರೆ ಅವನ ಹಟವೂ ಸುಮ್ಮನೆ ಬಂದದ್ದಲ್ಲ, ಅದು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಬೆಟ್ಟ ಹತ್ತುವವರ ಹರಿದ ಡೇರೆ, ಜಾಕೆಟ್ಟು ಹೊಲಿದುಕೊಡುವ ಅಂಗಡಿ ನಮ್ಮದು. ಹತ್ತಲು ಬಂದವರು ಬಾತುಕೋಳಿಯ ಗರಿ ತುಂಬಿದ ಮೆತ್ತನೆಯ ಚೀಲದೊಳಗೆ ಮಲಗುತ್ತಾರೆ. ಅದೇ ಚೀಲವನ್ನು ಬೆನ್ನ ಮೇಲೆ ಹೊತ್ತು ತಂದ ಹೊರೆಯಾಳುಗಳು ತೆಳ್ಳನೆಯ ಕಂಬಳಿಯಲ್ಲಿ ಮುದುಡಿಕೊಳ್ಳುತ್ತಾರೆ. ಇದನ್ನು ನೋಡಿ ನೋಡಿ ಅವನಿಗೆ ಹೊಟ್ಟೆ ಉರಿಯುತ್ತಿತ್ತು. ಒಣಗಿದ ಹಳ್ಳದ ತುಂಬ ಎಕ್ಕ ಬೆಳೆದು ನಿಂತಿದೆ, ಅದರ ಹತ್ತಿಯ ಎಳೆ ಒಳಗೆ ಟೊಳ್ಳು, ನೀರು ಹೀರುವುದಿಲ್ಲ, ಮೈಯ ಶಾಖ ಬಿಟ್ಟುಕೊಡುವುದಿಲ್ಲ, ಅದನ್ನೇ ತುಂಬಿ ಹೊರೆಯಾಳುಗಳಿಗೂ ಮಲಗುವ ಚೀಲ ಹೊಲಿಯೋಣ ಎಂದು ಅವನು ಹೇಳಿದಾಗ ನಾನು ನಕ್ಕಿದ್ದೆ. ನೀನು ನಗಲಿಲ್ಲ. ಜಾರುವ ಹತ್ತಿ ಒಂದೇ ಮೂಲೆಗೆ ಗುಡ್ಡೆಯಾಗುತ್ತದೆಂದು ಅವನು ತಲೆ ಮೇಲೆ ಕೈಹೊತ್ತು ಕೂತಾಗ, ‘ಓಣಿ ಓಣಿ ಮಾಡಿ ಹೊಲಿಯೋಣ, ಆಗ ಎಲ್ಲಿಗೆ ಓಡುತ್ತೆ ನೋಡ್ತೀನಿ’ ಎಂದವಳು ನೀನು. ನೀನು ಅರ್ಧ ಹೊಲಿದು ಬಿಟ್ಟುಹೋದ ಆ ನೀಲಿ ಚೀಲವನ್ನೇ ಅವನು ಮುಗಿಸಿದ. ಮುಗಿಸಿದವನೇ ಕಣಿವೆಯ ಮೇಲಿನ ಕಲ್ಲಿನ ಗುಡಿಸಲಿನಲ್ಲಿ ಒಂದು ರಾತ್ರಿ ಅದರೊಳಗೆ ಮಲಗಿ ನೋಡಿಬರುತ್ತೇನೆಂದು ಹೊರಟ. ‘ಇದು ಗೆದ್ದರೆ ಕೆಲಸ ಪೂರ್ತಿ ಗ್ಯಾರೇಜಿಗೆ ಹೋಗುತ್ತೆ, ಮನೇಲಿ ಒಂದು ಎಳೇನೂ ಇರಲ್ಲ, ಅವಳನ್ನ ಕರ್ಕೊಂಡು ಬರ್ತೀನಮ್ಮಾ’ ಎಂದ. ಬಾಗಿಲಲ್ಲಿ ನಿಂತು ಕೈಬೀಸಿದೆ. ತಡೆಯಬೇಕು ಎಂದು ತೋಚಲೇ ಇಲ್ಲ.

ಮಧ್ಯಾಹ್ನಕ್ಕೆ ಗಾಳಿ ಎದ್ದಿತು, ಸಂಜೆಗೆ ಬೆಟ್ಟವೇ ಕಾಣಲಿಲ್ಲ. ಮರುದಿನವೂ ಹಿಮ ಸುರಿಯಿತು. ನಮ್ಮ ಹೊರೆಯಣ್ಣ, ಗುಬ್ಬಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿಸುತ್ತಿದ್ದನಲ್ಲ ಅವನೇ, ತನ್ನ ಜೊತೆಯವರನ್ನು ಕರೆದುಕೊಂಡು ಬಂದ. ಹೊಸಿಲ ಮೇಲೆ ನಿಂತು ಕೇಳಿದ: ‘ಅಮ್ಮಾ, ನಿಜ ಹೇಳಿ. ಆ ಚೀಲ ಎರಡು ರಾತ್ರಿ ತಡೆಯುತ್ತಾ? ತಡೆಯುತ್ತೆ ಅಂದ್ರೆ ಈಗ್ಲೇ ಹೊರಡ್ತೀವಿ. ಇಲ್ಲಾಂದ್ರೆ ಗಾಳಿ ನಿಂತ ಮೇಲೇ. ನಮ್ಮ ಹುಡುಗರದ್ದೂ ಜೀವಾನೇ ಅಲ್ವಾ?’ ನನಗೇನು ಗೊತ್ತು? ಸೂಜಿಗೆ ದಾರ ಪೋಣಿಸಲೂ ಈಗ ನನ್ನ ಕಣ್ಣು ಒಪ್ಪುವುದಿಲ್ಲ. ಆದರೂ ‘ಹೊಲಿದೋಳು ನನ್ನ ಸೊಸೆ, ತಡೆಯುತ್ತೆ’ ಎಂದುಬಿಟ್ಟೆ. ಅವರು ಹಗ್ಗ ಎತ್ತಿಕೊಂಡರು. ಅವರು ಕಣ್ಮರೆಯಾದ ಮೇಲೆ, ಒಬ್ಬ ಮಗನಿಗಾಗಿ ಎಷ್ಟು ತಾಯಂದಿರ ಮಕ್ಕಳನ್ನು ಮೇಲಕ್ಕೆ ಅಟ್ಟಿದೆ ಎಂದು ಒಲೆಯ ಮುಂದೆ ಕೂತು ಒಬ್ಬಳೇ ಗೋಳಾಡಿದೆ. ಒಲೆ ಹಚ್ಚಲೂ ನೆನಪಾಗಲಿಲ್ಲ.

ತಂದರು, ಮಗಳೇ. ಜೀವಸಹಿತ ತಂದರು. ಗುಡಿಸಲಿನ ಚಾವಣಿಯ ತಗಡು ಹಾರಿಹೋಗಿತ್ತಂತೆ. ಹಿಮ ನೇರ ಇವನ ಮೇಲೇ ಬೀಳುತ್ತಿತ್ತಂತೆ. ಚೀಲದೊಳಗೆ ಮೈ ಬೆಚ್ಚಗೇ ಇತ್ತು ಎಂದು ಹೊರೆಯಣ್ಣ ಎಲ್ಲರೆದುರು ಹೇಳಿದ. ನೀನು ಹೊಲಿದ ಓಣಿ ಒಂದೂ ಬಿಚ್ಚಿರಲಿಲ್ಲ. ಬಿಚ್ಚಿದ್ದು ಭುಜದ ಹತ್ತಿರ ಇವನು ಅವಸರದಲ್ಲಿ ಹಾಕಿದ ಹೊಲಿಗೆ. ಗೋಡೆಯ ಮೊಳೆಗೆ ಸಿಕ್ಕಿ ಗೇಣುದ್ದ ಸೀಳಿತಂತೆ. ಹತ್ತಿ ಬುರುಬುರು ಹಾರಿಹೋಗುವುದನ್ನು ನೋಡಿ ಕೈ ಹೊರಗೆ ಹಾಕಿ, ಸೀಳಿನ ಎರಡೂ ಅಂಚು ಸೇರಿಸಿ ಮುಷ್ಟಿಯಲ್ಲಿ ಹಿಡಿದನಂತೆ. ಗ್ಲೌಸು ಹಾಕಿದರೆ ಬಟ್ಟೆ ಜಾರುತ್ತದೆಂದು ಅದನ್ನೂ ಕಿತ್ತೆಸೆದ. ಹೊರೆಯಣ್ಣನ ಗುಂಪು ಹೋಗಿ ಮುಟ್ಟುವವರೆಗೂ ಹಾಗೇ ಹಿಡಿದಿದ್ದ. ಬಿಡು ಬಿಡು ಎಂದರೂ ಆ ಮುಷ್ಟಿ ಬಿಚ್ಚಲಿಲ್ಲ. ಬಲಗೈ, ಮಗಳೇ. ಕತ್ತರಿ ಹಿಡಿಯುವ ಕೈ. ಹಿಮಕ್ಕೆ ಬೆರಳುಗಳು ಮರಗಟ್ಟಿ ಕಪ್ಪಾಗಿದ್ದವು.

ಹೋದ ತಿಂಗಳ ಕೊನೆಯ ಮಾತಿದು. ವಾಸಿಯಾಗುತ್ತದೆ, ನೋಡೋಣ ಎನ್ನುತ್ತಲೇ ಇದ್ದರು. ಮೊನ್ನೆಯಿಂದ ಕೀವು ತುಂಬಿದೆ, ಜ್ವರ ಇಳಿಯುತ್ತಿಲ್ಲ. ಹೆಬ್ಬೆರಳೊಂದು ಬಿಟ್ಟು ಉಳಿದ ಬೆರಳುಗಳನ್ನು ತೆಗೆಯಲೇಬೇಕು, ಇಲ್ಲದಿದ್ದರೆ ನಂಜು ಮೇಲಕ್ಕೇರುತ್ತದೆ ಎನ್ನುತ್ತಾರೆ ಡಾಕ್ಟರಮ್ಮ. ಇವನು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ್ದಾನೆ. ‘ಬೆರಳಿಲ್ಲದ ದರ್ಜಿ ಯಾವ ಮುಖ ಇಟ್ಕೊಂಡು ಹೆಂಡತೀನ ಕರೀಲಿ’ ಎನ್ನುತ್ತಾನೆ. ಬೈದೆ, ಕಾಲು ಹಿಡಿದೆ, ಕಣ್ಣೀರಿಟ್ಟೆ. ಕಲ್ಲಿಗೆ ಹೇಳಿದ ಹಾಗೆ. ಡಾಕ್ಟರಮ್ಮ ದಿನಕ್ಕೆರಡು ಸಲ ಬಂದು ಅವನ ಬಾಯಿಂದ ಒಂದು ಹೂಂ ಬರಲೆಂದು ಕಾಯುತ್ತಾರೆ, ಬರುವುದಿಲ್ಲ. ನಿನ್ನ ಮಾತಾದರೆ ಕೇಳುತ್ತಾನೆ. ನೀನು ಅವನಿಗಾಗಿ ಬರಬೇಡ, ಸಂಸಾರಕ್ಕಾಗಿ ಬರಬೇಡ, ಆಮೇಲೆ ಬೇಕಾದರೆ ತಿರುಗಿ ಹೋಗು, ನಾನೇ ಬಸ್ಸು ಹತ್ತಿಸುತ್ತೇನೆ. ಒಮ್ಮೆ ಬಂದು ಆ ಮೊಂಡನಿಗೆ ‘ಹೂಂ ಅನ್ನು’ ಎಂದು ಗದರಿಸು, ಅಷ್ಟೇ ಸಾಕು. ಬರಲು ಆಗದಿದ್ದರೆ ಫೋನಿನಲ್ಲಾದರೂ ಕೂಗು. ನನ್ನ ಕೈಯಲ್ಲಿ ಇನ್ನೇನೂ ಇಲ್ಲ, ತಾಯೀ.

ಗುಬ್ಬಿಯ ಕೆನ್ನೆಗೆ ನನ್ನದೊಂದು ಮುತ್ತು. ನಿನ್ನ ಅಮ್ಮನಿಗೆ, ಅಣ್ಣನಿಗೆ ನಾನು ಕೇಳಿದೆನೆಂದು ಹೇಳು. ನಿನ್ನ ಹೊಟ್ಟೆ ತಣ್ಣಗಿರಲಿ, ನಿನ್ನ ಮಗು ಎದೆತುಂಬ ಉಸಿರಾಡಲಿ.

ನಿನ್ನ ದಾರಿ ಕಾಯುತ್ತಿರುವ,
ಅತ್ತೆ

ಮರೆತೆನೆಂದಲ್ಲ, ಈಗಷ್ಟೇ ಆದದ್ದನ್ನು ಬರೆಯುತ್ತಿದ್ದೇನೆ. ಕಂಡಕ್ಟರ್ ಗೇಟಿನ ಹತ್ತಿರ ನಿಂತು ಕೂಗುತ್ತಿದ್ದಾನೆ, ಅಕ್ಷರ ಸೊಟ್ಟಗಿದ್ದರೆ ಹೇಗೋ ಓದಿಕೋ. ಮೇಲೆ ಬರೆದದ್ದೆಲ್ಲ ಬಿಟ್ಟುಬಿಡು, ಇನ್ನು ಅವನನ್ನು ಒಪ್ಪಿಸುವ ಕೆಲಸವಿಲ್ಲ. ಕಾಗದ ಮಡಿಸುವಾಗ ನರ್ಸು ಓಡಿಬಂದಳು. ಜ್ವರ ನೆತ್ತಿಗೇರಿ ಅವನಿಗೆ ಮೈಮೇಲೆ ಪ್ರಜ್ಞೆ ಇರಲಿಲ್ಲ, ಗುಬ್ಬಿಯನ್ನು ಕರೆಯುತ್ತಿದ್ದ. ಡಾಕ್ಟರಮ್ಮ ನನ್ನ ಮುಖ ನೋಡಿದರು. ನಾನು ಹೂಂ ಎಂದೆ. ಆಪರೇಷನ್ ಕೋಣೆಗೆ ಒಯ್ದರು, ಬಾಗಿಲು ಹಾಕಿಕೊಂಡಿದ್ದಾರೆ. ಕಣ್ಣು ಬಿಟ್ಟಾಗ ಯಾರು ಒಪ್ಪಿದ್ದು ಎಂದು ಕೇಳೇ ಕೇಳುತ್ತಾನೆ, ನಾನೇ ಎನ್ನುತ್ತೇನೆ. ರೇಗಲಿ, ಮುಖ ನೋಡಲ್ಲ ಎನ್ನಲಿ, ತಡೆದುಕೊಳ್ಳುತ್ತೇನೆ. ಆದರೆ ನನ್ನೆದುರು ಅವನು ಅಳುವುದಿಲ್ಲ, ಚಿಕ್ಕಂದಿನಿಂದಲೂ ಇಲ್ಲ. ನಿನ್ನೆದುರು ಅಳುತ್ತಾನೆ. ಅಳದೆ ಇದ್ದರೆ ಅವನು ಉಳಿಯುವುದಿಲ್ಲ. ಸಿಕ್ಕಿದ ಬಸ್ಸು ಹತ್ತಿ ಬಾ.