ಎಡಗಾಲು ತಡೆಯುವ ಹೆಜ್ಜೆ

ಅಮ್ಮಾ,

ನಗಬೇಡ. ಐವತ್ತನೇ ವಯಸ್ಸಿನಲ್ಲಿ ಫ್ಲಮೆಂಕೊ ಕುಣಿತದ ಬೇಸಿಗೆ ಶಿಬಿರಕ್ಕೆ ಸೇರಿದ್ದೇನೆ. ಅದೂ ನಮ್ಮೂರು ಸೆವಿಲ್ಲಾದಲ್ಲಿ, ತ್ರಿಯಾನಾ ಕೇರಿಯಲ್ಲಿ ನೀನು ಕುಣಿತ ಕಲಿಸುತ್ತಿದ್ದ ಅದೇ ಕೋಣೆಯಲ್ಲಿ. ನೀನು ಹೋದ ಮೇಲೆ ಅಲ್ಲಿ ಕಲಿಸುತ್ತಿರುವವಳು ನಿನ್ನ ಶಿಷ್ಯೆ ಎನ್ಕಾರ್ನಾ. ಅವಳಿಗೆ ನನ್ನ ಗುರುತಿಲ್ಲ, ನಾನೂ ಹೇಳಿಕೊಳ್ಳಲಿಲ್ಲ.

ಬೆಳಿಗ್ಗೆ ಶಿಬಿರದ ಜೊತೆಗಾತಿ ಹಾನ್ನೆಗೆ ಊರು ತೋರಿಸಲು ಹೊರಟೆ. ಸೇತುವೆ, ಸಂತೆ ಎಲ್ಲ ಸುತ್ತಿಸಿದೆ. ನಮ್ಮ ಹಳೇ ಮನೆಯ ಬೀದಿ ಹತ್ತಿರವಾದಾಗ ಮಾತ್ರ, "ಆ ಕಡೆ ನೋಡೋಕೇನಿಲ್ಲ, ಬಾ" ಎಂದು ತಿರುಗಿಸಿಬಿಟ್ಟೆ.

ಸಂಜೆ ಎನ್ಕಾರ್ನಾ ತಾಳ ನಿಲ್ಲಿಸಿ ಎಲ್ಲರನ್ನೂ ಗದರಿದಳು.

"ಅಯ್ಯೋ, ಎಡಗಾಲನ್ನ ಹಂಗೆ ದಬಕ್ಕಂತ ಇಡಬೇಡ್ರೇ! ಒಂಚೂರು ತಡೆದು, ಆಮೇಲೆ ಇಡಿ. ಇದು ನಮ್ಮ ಗುರು ರೆಮೆದಿಯೋಸಮ್ಮನ ಹೆಜ್ಜೆ. ಇಡೀ ಊರಲ್ಲಿ ಇನ್ಯಾರ ಹತ್ರಾನೂ ಸಿಗಲ್ಲ."

ಹದಿನಾಲ್ಕು ಎಡಗಾಲುಗಳು ಒಟ್ಟಿಗೆ ಗಾಳಿಯಲ್ಲಿ ತಡೆದು ನಿಂತವು.

ನಾನು ಮನೆಯಲ್ಲಿದ್ದಾಗ ನಿನ್ನ ಕುಣಿತದಲ್ಲಿ ಈ ತಡೆ ಇರಲಿಲ್ಲ. ನಾನು ಮನೆ ಬಿಟ್ಟ ದಿನ ನೀನು ನನ್ನನ್ನು ಕೂಗುತ್ತಾ ಮೆಟ್ಟಿಲಿಳಿದು ಓಡಿಬಂದೆ. ನೀನು ಬಿದ್ದ ಸದ್ದು ಕೇಳಿಸಿತು, ಆದರೂ ನಾನು ತಿರುಗಲಿಲ್ಲ. ಎಡಗಾಲು ಪೂರ್ತಿ ವಾಸಿಯಾಯಿತೆಂದು ನೀನು ಪ್ರತಿ ಕಾಗದದಲ್ಲೂ ಬರೆದೆ. ಅದನ್ನೇ ನಂಬಿಕೊಂಡು ಮೂವತ್ತು ವರ್ಷ ಆರಾಮಾಗಿದ್ದೆ.

"ಈ ಅಕ್ಕನ್ನ ನೋಡಿ ಕಲೀರಿ," ಎನ್ಕಾರ್ನಾ ನನ್ನತ್ತ ಕೈ ತೋರಿಸಿದಳು. "ಏನ್ ಚೆಂದ ತಡೀತಾರೆ! ಥೇಟ್ ನಮ್ಮ ರೆಮೆದಿಯೋಸಮ್ಮನ ಥರಾನೇ."

ನಾನು ಹೆಜ್ಜೆ ಹಾಕುತ್ತಿರಲಿಲ್ಲ ಅಮ್ಮಾ. ಎತ್ತಿದ ಕಾಲನ್ನು ಕೆಳಗಿಡಲು ನನ್ನಿಂದ ಆಗುತ್ತಿರಲಿಲ್ಲ.